ಕೆಸರು ಮಡಿಯ ಟೊಮೊಟೊ

"ಏ ಮುಂಡೇದೇ, ಒಣಗಿದ್ದನ್ನ ಕೀಳು ಅಂದ್ರೆ ಮೂಸಿ ನೋಡ್ತಾ ಕೂತಿದೀಯಲ್ಲ! ಅತ್ತು ಗಂಟೆಗೆ ಸಾಹೇಬ್ರು ಬತ್ತವ್ರೆ."

ಸೂಪರ್‌ವೈಸರ್ ಶಿವಪ್ರಕಾಶ್ ಗುದ್ದಲಿಯನ್ನು ಬೂಟಿನಿಂದ ಒದ್ದ. ಕೆಂಚಮ್ಮ ತಲೆಯೆತ್ತಲಿಲ್ಲ. ಅಂಗೈಯಲ್ಲಿದ್ದ ಟೊಮೊಟೊ ಗಿಡ ಕೆಸರು ಮಡಿಯಲ್ಲಿ ನೆಟ್ಟು ನಲವತ್ತು ದಿನವಾದರೂ ಗೇಣುದ್ದ ಏರಿರಲಿಲ್ಲ. ಎಲೆಯಡಿ ನೇರಳೆಗಟ್ಟಿತ್ತು, ಬೇರು ಇಲಿಬಾಲದಂತೆ ಒಂದೇ ಎಳೆ. ಪಕ್ಕದ ಮಡಿಯಲ್ಲಿ ಕೊಟ್ಟಿಗೆ ಗೊಬ್ಬರ ಉಂಡ ಗಿಡಗಳು ಸೊಂಟದೆತ್ತರಕ್ಕೆ ಕಾಯಿ ಕಟ್ಟಿದ್ದವು.

ಮೈಸೂರಿನ ಹೆಬ್ಬಾಳದಾಚೆಯ ಆ ನೀರು ಶುದ್ಧೀಕರಣ ಘಟಕದಲ್ಲಿ ಅವಳು ಹನ್ನೊಂದು ವರ್ಷದಿಂದ ತೊಟ್ಟಿಯ ತಳ ಬಾಚುತ್ತಿದ್ದಳು. ನದಿನೀರಿಗೆ ಪಟಿಕ ಬೆರೆಸಿದರೆ ಕೊಳೆಯೆಲ್ಲ ಪಟಿಕದ ಸಮೇತ ತಳಕ್ಕಿಳಿಯುತ್ತದೆ. ತಿಳಿನೀರು ಮೈಸೂರಿಗೆ, ಬೂದುಗೆಸರು ಕೆಂಚಮ್ಮನಿಗೆ. ಒಮ್ಮೆ ಬಾಯಾರಿ ಒಳಗಿನ ನಲ್ಲಿ ತಿರುಗಿಸಿದ್ದಕ್ಕೆ ಶಿವಪ್ರಕಾಶ್ ಎಲ್ಲರೆದುರು ಆ ನಲ್ಲಿಯನ್ನು ಸೋಪು ಹಾಕಿ ತೊಳೆಸಿದ್ದ, ಅವಳ ಕೈಯಿಂದಲೇ.

ಈಗ ಆ ಕೆಸರನ್ನು ಗೊಬ್ಬರವೆಂದು ಹೊಲಗಳಿಗೆ ಸುರಿಯಲು ಗುತ್ತಿಗೆದಾರ ಹೊರಟಿದ್ದ. ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು; ಟೊಮೊಟೊ ನೆಟ್ಟ ಕೆಸರು ಮಡಿ ಅದರ ಪರೀಕ್ಷೆ. ಮೊದಲ ಲಾರಿ ಕಾಂಪೌಂಡಿನಾಚೆಗೆ, ಅವಳಣ್ಣ ಸಿದ್ದಪ್ಪಾಜಿಯ ಮುಕ್ಕಾಲು ಎಕರೆಗೆ. "ಪುಗ್ಸಟ್ಟೆ ಗೊಬ್ರ ಕಣವ್ವ" ಎಂದು ಅಣ್ಣ ಹೆಬ್ಬೆಟ್ಟು ಒತ್ತಿ ಬಂದಿದ್ದ.

ಶಿವಪ್ರಕಾಶ್ ಆಟೋದಿಂದ ನರ್ಸರಿ ಗಿಡಗಳನ್ನು ಇಳಿಸಿದ. ಎಲ್ಲವೂ ಆಗಲೇ ಹೂ ಬಿಟ್ಟಿದ್ದವು.

"ಕವರ್ ಹರಿದು ನೆಡು. ಮೇಲೆ ಕೆಸ್ರು ಉದುರ್ಸು."

"ಸಾ, ನಮ್ಮಣ್ಣನ ನೆಲ ಸತ್ತೋಯ್ತದೆ."

"ನಿಮ್ಮಂತೋರ ನೆಲ ಯಾವಾಗ್ ಬದುಕಿತ್ತು? ನೆಡು. ಇಲ್ಲಾಂದ್ರೆ ನಾಳೆಯಿಂದ ಗೇಟ್ ತುಳೀಬ್ಯಾಡ."

ಅವಳು ನೆಟ್ಟಳು. ಮೇಲೆ ಕೆಸರು ಉದುರಿಸಿದಳು.

ಪರೀಕ್ಷೆಗೆಂದು ಬಂದ ಕೃಷಿ ಅಧಿಕಾರಿ ವಾಗೀಶ ಮಡಿಗೆ ಇಳಿಯಲೇ ಇಲ್ಲ. ಬದುವಿನ ಕಲ್ಲ ಮೇಲೆ ನಿಂತೇ ಫೋಟೊ ತೆಗೆದ, ಶಿವಪ್ರಕಾಶ್ ಹೇಳಿದ 'ನಲವತ್ತು ದಿನ'ವನ್ನು ಬರೆದುಕೊಂಡ.

"ಪರವಾಗಿಲ್ಲ, ಚೆನ್ನಾಗೇ ಬಂದಿದೆ. ಏನಮ್ಮ, ಕೆಸರಿನಲ್ಲೇ ಬೆಳೆದದ್ದಾ?"

"ಊಂ ಅನ್ನೇ" ಎಂದು ಶಿವಪ್ರಕಾಶ್ ಹಲ್ಲು ಕಚ್ಚಿದ.

ಕೆಂಚಮ್ಮ ಬಗ್ಗಿ ಒಂದು ಗಿಡವನ್ನು ಬುಡಸಮೇತ ಎತ್ತಿ ಹಿಡಿದಳು. ಕೆಮ್ಮಣ್ಣಿನ ಹೆಂಟೆ ಇಡಿಯಾಗಿ ಬಂತು.

"ನಲ್ವತ್ತು ದಿನದ ಗಿಡ ಅಂತ ಬರ್ಕೊಂಡಿದ್ದೀರಿ ಬುದ್ಧಿ. ಬೇರು ಇನ್ನೂ ನರ್ಸರಿ ಕವರ್ ಆಕಾರದಾಗೇ ಐತೆ, ನೋಡಿ. ಬೆಳಿಗ್ಗೆ ನಾನೇ ನೆಟ್ಟಿದ್ದು. ಕೆಸ್ರಲ್ಲಿ ಬೆಳೆದವು ಅಗೋ, ಆ ತಿಪ್ಪೇಲಿ ಬಿದ್ದವೆ."

ವಾಗೀಶ ತಿಪ್ಪೆಯ ಕಡೆ ನೋಡಲಿಲ್ಲ. ಫೋನನ್ನು ಜೇಬಿಗಿಳಿಸಿದ.

"ಶಿವಪ್ರಕಾಶ್, ನಿಮ್ಮ ಕೂಲಿಯವರ ಜಗಳ ನೀವೇ ನೋಡ್ಕೊಳ್ಳಿ. ಫೋಟೊ ಬಂದಿದೆ, ಸಾಕು."

ಕಾರಿನ ಬಾಗಿಲು ಮುಚ್ಚಿತು. ಶಿವಪ್ರಕಾಶ್ ಅವಳ ಜುಟ್ಟು ಹಿಡಿದು ಗೇಟಿನಾಚೆಗೆ ನೂಕಿದ. "ಓಗೇ ಬೋಳಿ, ಇನ್ನು ಈ ಕಡೆ ಮುಖ ತೋರ್ಸಿದ್ರೆ ಕಾಲ್ ಮುರೀತೀನಿ!"

ಬಿದ್ದಲ್ಲಿಂದ ಎದ್ದಾಗ ಲಾರಿಯ ಸದ್ದು ಕೇಳಿಸಿತು. ಅದು ಆಗಲೇ ಅಣ್ಣನ ಹೊಲದೊಳಕ್ಕೆ ಹಿಂದೆ ಹಿಂದೆ ಸರಿಯುತ್ತಿತ್ತು. ಸಿದ್ದಪ್ಪಾಜಿ ಟವಲು ಬೀಸಿ ದಾರಿ ತೋರಿಸುತ್ತಿದ್ದ. ಕೆಂಚಮ್ಮ ಓಡಿದಳು. ಓಡಿ ಲಾರಿಯ ಹಿಂದೆ ನಿಂತಳು.

"ಏ, ಸಾಯ್ತೀಯೇನಮ್ಮೋ, ಪಕ್ಕಕ್ಕೆ ಸರಿ!" ಡ್ರೈವರ್ ಕೂಗುವಷ್ಟರಲ್ಲಿ ಲಾರಿಯ ಹಿಂಬದಿಯ ಡಬ್ಬ ಮೇಲೆದ್ದಿತ್ತು. ಬೂದುಗೆಸರು ಜಾರಿ ಬಂದು ಅವಳ ಮಂಡಿಯವರೆಗೆ ಮುಚ್ಚಿತು.

"ಕೆಂಚೀ! ಬುದ್ಧಿಗಿದ್ದಿ ಕೆಟ್ಟೈತಾ?"

"ಬೇರು ಇಳಿಯಾಕಿಲ್ಲ ಕಣಣ್ಣಾ ಇದ್ರಲ್ಲಿ. ಏನೂ ಬೆಳಿಯಾಕಿಲ್ಲ."

ಲಾರಿಯ ಡಬ್ಬ ಇನ್ನೂ ಏರುತ್ತಿತ್ತು. ಅವಳು ಕಾಲು ಕೀಳಲಿಲ್ಲ. ಸಿದ್ದಪ್ಪಾಜಿ ತಂಗಿಯ ಮುಖವನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿದ. ಟವಲನ್ನು ತಲೆಗೆ ಬಿಗಿದು, ಕೆಸರಿಗಿಳಿದು ಅವಳ ಪಕ್ಕದಲ್ಲಿ ನಿಂತ.