ಪೇಚಿಯಮ್ಮಾಳ್ ಹೆಣೆದ ಪಾಠದ ಬಲೆ

ಕೋವಿಲ್ಪಟ್ಟಿಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಎರಡನೇ ವರ್ಷದವರ ಪಾಠಗಳು ಪೇಚಿಯಮ್ಮಾಳ್ ಕೈಗೆ ಬರುವ ತನಕ ದಿಕ್ಕಾಪಾಲಾಗಿ ಬಿದ್ದಿದ್ದವು. ಒಬ್ಬನ ಟಿಪ್ಪಣಿ ಫೋನಿನಲ್ಲಿ, ಇನ್ನೊಬ್ಬನದು ಜೆರಾಕ್ಸ್ ಅಂಗಡಿಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳು ಹಾಸ್ಟೆಲಿನ ಹಾಸಿಗೆಯ ಕೆಳಗೆ. ಅವಳು ಎಲ್ಲವನ್ನೂ ಒಟ್ಟುಮಾಡಿ ಕಂಪ್ಯೂಟರಿನಲ್ಲಿ ಬಲೆ ಹೆಣೆದಳು. ಪಾಠಕ್ಕೊಂದು ಚುಕ್ಕಿ. ಚುಕ್ಕಿಯನ್ನು ಒತ್ತಿದರೆ ಅದರ ಟಿಪ್ಪಣಿ, ಚಿತ್ರ, ಪ್ರಶ್ನೆ ಎಲ್ಲ ತೆರೆದುಕೊಳ್ಳುತ್ತಿದ್ದವು. ಒಂದು ಪಾಠ ತಲೆಗೆ ಹತ್ತಬೇಕಾದರೆ ಮೊದಲು ಯಾವುದು ಗೊತ್ತಿರಬೇಕೋ ಅಲ್ಲಿಂದ ಇಲ್ಲಿಗೊಂದು ಗೆರೆ. ಹಾಗೆ ಗೆರೆ ಹಿಡಿದು ಇಳಿಯುತ್ತ ಹೋದರೆ ಮೋಟಾರಿನಿಂದ ಐದನೇ ಕ್ಲಾಸಿನ ಲೆಕ್ಕದವರೆಗೂ ಹೋಗಬಹುದಿತ್ತು.

ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದು ಆಮೇಲೆ ಓದಲು ಬಂದವಳು ಅವಳು. ಅದಕ್ಕೇ ತರಗತಿಗೆಲ್ಲ ಅಕ್ಕ. ಅಕ್ಕ ಎಂದು ಕರೆಸಿಕೊಳ್ಳುವುದು ಅವಳಿಗೂ ಇಷ್ಟವೇ.

ಬಲೆಗೆ ಬಣ್ಣ ಹಚ್ಚುವ ಯೋಚನೆ ವಿಭಾಗದ ಮುಖ್ಯಸ್ಥ ಜೆಬರಾಜ್ ಸರ್ ಅವರದು. ಒಬ್ಬೊಬ್ಬರಿಗೂ ಬೇರೆ ಬಲೆ. ಗೊತ್ತಿದ್ದ ಪಾಠಕ್ಕೆ ಹಸಿರು, ಗೊತ್ತಿಲ್ಲದ್ದಕ್ಕೆ ಕೆಂಪು. ಪೇಚಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ಬಣ್ಣ ಹಚ್ಚಿದಳು. ಎಲ್ಲರೂ ಅಷ್ಟಿಷ್ಟು ಸುಳ್ಳು ಹೇಳಿದರು. ಇಸಕ್ಕಿಮುತ್ತು ಹೇಳಲಿಲ್ಲ. ಮಾತು ಕಡಿಮೆಯ ಹುಡುಗ; ರಜೆಯಲ್ಲಿ ಮಾವನ ಮೋಟಾರ್ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದ. ಅವನು ಬರೆದ ವೈಂಡಿಂಗ್ ಚಿತ್ರಗಳನ್ನೇ ಅವಳು ಬಲೆಗೆ ಹಾಕಿದ್ದಳು.

"ಭಿನ್ನರಾಶಿ ನನಗೆ ಹತ್ತೋದೇ ಇಲ್ಲಕ್ಕಾ. ಐದನೇ ಕ್ಲಾಸಲ್ಲಿ ಉಪ್ಪಿನ ಗದ್ದೆಗೆ ಹೋದ್ವಿ, ಆ ವರ್ಷ ಶಾಲೆ ಮುಖ ನೋಡಿಲ್ಲ. ಆಮೇಲೆ ಪಕ್ಕದವನದ್ದು ನೋಡಿ ಬರೆದೇ ಪಾಸಾದೆ."

"ಇದನ್ನ ನಾನು ನೀನು ಇಬ್ಬರೇ ನೋಡೋದು ಕಣೋ. ಎಲ್ಲಿ ತೂತಿದೆ ಅಂತ ಗೊತ್ತಾದ್ರೆ ತಾನೇ ಮುಚ್ಚೋಕಾಗೋದು? ನಾನೇ ಹೇಳಿಕೊಡ್ತೀನಿ."

ಅವನು ನಂಬಿದ. ತನ್ನ ಬಲೆಗೆ ಬಣ್ಣ ಹಚ್ಚುವಾಗ ಅವಳು ಯಾರನ್ನೂ ಕೇಳಲಿಲ್ಲ. ಕೆಳಗಿನ ಸಾಲು ಪೂರ್ತಿ ಹಸಿರು ಹಚ್ಚಿಕೊಂಡಳು.

ಒಂದು ದಿನ ಸರ್ ಕರೆಸಿದರು. "ಮಧುರೈಯಲ್ಲಿ ಪ್ರದರ್ಶನ ಇದೆಯಮ್ಮ. ನಮ್ಮ ಕಾಲೇಜಿನಿಂದ ಈ ಬಲೆ ತಗೊಂಡು ನೀನೇ ಹೋಗ್ಬೇಕು. ಎಲ್ಲರ ಬಲೆನೂ ನನಗೆ ಕಾಣೋ ಹಾಗೆ ಮಾಡು." ಮಧುರೈ ಎಂದಿದ್ದೇ ತಡ, ಪಾಸ್‌ವರ್ಡ್ ಅವಳ ಬಾಯಿಂದ ಹೊರಬಿದ್ದಿತ್ತು. ಈ ಸಲ ಫಲಿತಾಂಶ ಕೆಟ್ಟರೆ ತನ್ನ ಕುರ್ಚಿ ಉಳಿಯುವುದಿಲ್ಲವೆಂದು ಸರ್ ದಿಗಿಲುಬಿದ್ದಿದ್ದು, ಯಾರನ್ನು ಪರೀಕ್ಷೆಗೆ ಮೊದಲೇ ಸಾಗಹಾಕಬೇಕೆಂದು ಲೆಕ್ಕ ಹಾಕುತ್ತಿದ್ದುದು ಕಾಲೇಜಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಮರುದಿನ ತರಗತಿಯ ಗೋಡೆಯ ಮೇಲೆ ಇಸಕ್ಕಿಮುತ್ತುವಿನ ಬಲೆ ಎದ್ದುನಿಂತಿತು.

"ಮೋಟಾರು ಕೆಂಪು. ಯಾಕಪ್ಪಾ?" ಸರ್ ಕೋಲಿನಿಂದ ಗೆರೆ ಹಿಡಿದು ಇಳಿದರು. "ಸರ್ಕ್ಯೂಟ್ ಕೆಂಪು. ಅದ್ಯಾಕೆ? ಸಮಾಂತರ ಜೋಡಣೆ ಕೆಂಪು. ಇನ್ನೂ ಕೆಳಗೆ ಬಾ ರಾಜಾ, ಇನ್ನೂ ಕೆಳಗೆ. ಹಾಂ! ಭಿನ್ನರಾಶಿ!"

"ಏಲೇ, ಅಂಗನವಾಡಿಲಿ ಸೀಟ್ ಖಾಲಿ ಇದ್ಯಾ ಕೇಳ್ರೋ," ಎಂದ ಹಿಂದಿನ ಬೆಂಚಿನ ವೇಲ್ರಾಜ್. "ಮಧ್ಯಾಹ್ನ ಮೊಟ್ಟೇನೂ ಕೊಡ್ತಾರೆ." ಗೋಡೆ ಬಿರಿಯುವಂತೆ ನಕ್ಕರು.

ಸರ್ ಅವನನ್ನು ಹಲಗೆಗೆ ಕರೆದರು. "ಅರ್ಧವನ್ನ ಕಾಲಿನಿಂದ ಭಾಗಿಸು."

ಅವನು ಎಂಟನೇ ಒಂದು ಎಂದು ಬರೆದ. ಮತ್ತೆ ನಗು.

"ಪೇಚಿ, ನೀನು ಹೇಳಮ್ಮ."

"ಎರಡು, ಸರ್. ತಿರುಗಿಸಿ ಗುಣಿಸಬೇಕು."

ಇಸಕ್ಕಿಮುತ್ತು ಸೀಮೆಸುಣ್ಣ ಹಿಡಿದುಕೊಂಡೇ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಕೊಂಕಿರಲಿಲ್ಲ. "ಭಾಗಿಸಿದ್ರೆ ಚಿಕ್ಕದಾಗ್ಬೇಕಲ್ವಾ ಅಕ್ಕಾ? ಅರ್ಧ ಹೋಗಿ ಎರಡು ಹೇಗಾಯ್ತು? ಯಾಕೆ ತಿರುಗಿಸ್ಬೇಕು?"

ಯಾಕೆ ಎಂದು ಪೇಚಿ ಹುಟ್ಟಿದಾಗಿನಿಂದ ಯೋಚಿಸಿರಲಿಲ್ಲ. ನನಗೂ ಗೊತ್ತಿಲ್ಲ ಸರ್ ಎಂದು ಎದ್ದು ನಿಂತಿದ್ದರೆ ಆ ಬೆಂಚುಗಳಲ್ಲಿ ಇನ್ನೂ ಹತ್ತು ಜನ ಏಳುತ್ತಿದ್ದರೇನೋ. ಅವನೊಬ್ಬನನ್ನೇ ಹೊರಗೆ ಹಾಕುವುದು ಆಗ ಕಷ್ಟವಾಗುತ್ತಿತ್ತು.

"ನೋಡ್ರೋ, ಅಕ್ಕನಿಗೇ ಪರೀಕ್ಷೆ ಮಾಡ್ತಾನೆ!" ಎಂದರು ಸರ್. ತರಗತಿ ಮತ್ತೆ ನಕ್ಕಿತು. ಪೇಚಿಯೂ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕಳು.

ಆ ವಾರವೇ ಅವನ ತಾಯಿಯನ್ನು ತೂತ್ತುಕ್ಕುಡಿಯಿಂದ ಕರೆಸಿದರು. ಉಪ್ಪಿನಲ್ಲಿ ನಿಂತು ಹಿಮ್ಮಡಿ ಸೀಳಿದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು, ಸರ್ ಪರದೆಯ ಮೇಲೆ ತೋರಿಸಿದ್ದಕ್ಕೆಲ್ಲ ತಲೆಯಾಡಿಸಿದಳು. ಕೊನೆಗೆ, "ಇಷ್ಟೊಂದು ಕೆಂಪಿದ್ದಾಗ ಆ ಹಸಿರು ಏನು ಸರ್?" ಎಂದಳು.

"ಅದು ಡ್ರಾಯಿಂಗ್. ಅದರಿಂದೇನೂ ಆಗಲ್ಲಮ್ಮ. ಇಲ್ಲಿ ಸಹಿ ಮಾಡಿ, ಅವನಾಗೇ ಬಿಟ್ಟ ಅಂತ."

ಅವಳು ಹೆಬ್ಬೆಟ್ಟು ಒತ್ತಿದಳು.

"ಅವನ ಹೆಸರು ತೆಗೆದುಬಿಡು," ಎಂದರು ಸರ್ ಪೇಚಿಗೆ. "ಮಧುರೈಗೆ ಹೋಗುವಾಗ ಬಲೆ ಹಸಿರಾಗಿರಲಿ." ಹೆಸರು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಚಿತ್ರಗಳನ್ನು ಅವಳು ತೆಗೆಯಲಿಲ್ಲ. ಎಲ್ಲರೂ ಓದುತ್ತಿದ್ದುದು ಅವನ್ನೇ.

ಬಸ್ ನಿಲ್ದಾಣದಲ್ಲಿ ತಾಯಿಯನ್ನು ಕಿಟಕಿ ಪಕ್ಕ ಕೂರಿಸಿ ಅವನು ಪೆಟ್ಟಿಗೆ ಏರಿಸುತ್ತಿದ್ದಾಗ ಪೇಚಿ ಏದುಸಿರು ಬಿಡುತ್ತ ಬಂದಳು. ಕಡಲೆಕಾಯಿ ಮಿಠಾಯಿಯ ಪೊಟ್ಟಣವನ್ನು ಅವನ ಕೈಗೆ ತುರುಕಿದಳು.

"ಬಲೆ ತೆರೆಯೋಕೆ ಹೋದ್ರೆ ಬರ್ತಿಲ್ಲಕ್ಕಾ," ಎಂದ ಅವನು. "ನನ್ನ ಚಿತ್ರ ಅಷ್ಟನ್ನಾದ್ರೂ ಕೊಡ್ತೀಯಾ? ಅಂಗಡೀಲಿ ತೋರಿಸೋಕೆ."

"ಹೊರಗಿನವರಿಗೆ ಕೊಡೋ ಹಾಗಿಲ್ಲ ಕಣೋ, ಸರ್ ಬೈತಾರೆ." ಅವಳು ಫೋನು ಮುಂದೆ ಹಿಡಿದಳು. "ಅದಿರ್ಲಿ, ಈ ಮೂರನೇ ಚಿತ್ರದಲ್ಲಿ ಯಾವ ತಂತಿ ಮೊದಲು ಒಳಗೆ ಹೋಗೋದು? ಮಧುರೈಲಿ ಕೇಳಿದ್ರೆ ಏನು ಹೇಳ್ಲಿ?"

ಇಸಕ್ಕಿಮುತ್ತು ತನ್ನ ಚಿತ್ರವನ್ನು ನೋಡಿದ. ಪೊಟ್ಟಣವನ್ನು ವಾಪಸು ಅವಳ ಕೈಗಿಟ್ಟು ಬಸ್ಸು ಹತ್ತಿದ.

ಬಸ್ಸು ತಿರುವು ದಾಟುವ ತನಕ ಪೇಚಿ ನಿಂತೇ ಇದ್ದಳು. ಅವಳ ಮೈ ಉರಿಯುತ್ತಿತ್ತು. ಎಷ್ಟು ಸೊಕ್ಕು ಇವನಿಗೆ ಎಂದುಕೊಂಡಳು, ಇವನಿಗೋಸ್ಕರ ಇಷ್ಟೆಲ್ಲ ಮಾಡಿದ ಮೇಲೂ.