ಮೂಟೆಯ ಮೇಲಿನ ಹೆಸರು

"ಇನ್ನೊಂದ್ ಗೇಣು ಆ ಕಡೆ ತಳ್ರೋ, ಕಾಲಿನ ಕಡೆ ಜಾರ್ತಾ ಇದೆ!" ಎಂದು ಮುದುಕ ಕ್ಲಾರಿ ಕೂಗಿದ.

ನಾಲ್ವರು ಸೇರಿ ಎನಿಡ್‌ಳ ಶವಪೆಟ್ಟಿಗೆಯನ್ನು ಉಣ್ಣೆಮೇಜಿನ ಮೇಲೆ ಸರಿಸಿದರು. ಕುರಿಯ ಮೈಯಿಂದ ಇಳಿದ ಉಣ್ಣೆಯನ್ನು ಹಾಸಿ ದರ್ಜೆ ನೋಡುವ ಮೇಜು ಅದು, ಹೆಣದ ಅಳತೆಗೆ ಮಾಡಿದ್ದಲ್ಲ. ಪೆಟ್ಟಿಗೆಯ ಒಂದು ತುದಿ ಹೊರಗೇ ಉಳಿಯಿತು. ಚರ್ಚು ಬೇಡ, ಉಣ್ಣೆ ಶೆಡ್ಡಿನಲ್ಲೇ ಆಗಲಿ ಎಂದು ಎನಿಡ್ ಹೇಳಿಟ್ಟಿದ್ದಳು. ಡಾರ್ಲಿಂಗ್ ನದಿಯ ಆಚೀಚೆಯ ಜನ ಧೂಳಿನಲ್ಲಿ ಗಾಡಿ ನಿಲ್ಲಿಸಿ ಒಳಗೆ ಬರುತ್ತಿದ್ದರು.

ಪೆಟ್ಟಿಗೆ ಬಿಟ್ಟವನೇ ಡೆಸ್ ಕಿಯೋ ಅಭ್ಯಾಸಬಲದಿಂದ ಮೇಜಿನ ಬಲಕ್ಕೆ ಹೋಗಿ ನಿಂತ. ನಲವತ್ತು ವರ್ಷ ಅಲ್ಲೇ ನಿಂತು ಅವನು ಉಣ್ಣೆಗೆ ದರ್ಜೆ ಹಾಕಿದ್ದ. ಎಡಕ್ಕೆ ನಿಲ್ಲುತ್ತಿದ್ದವಳು ಈಗ ಮೇಜಿನ ಮೇಲಿದ್ದಳು.

ಎನಿಡ್‌ಳ ಮಗಳು ಗ್ಲೆನಿಸ್ ಅವನ ಕೈಗೆ ಅಂದಿನ ಪ್ರಾರ್ಥನೆಯ ಚೀಟಿ ಕೊಟ್ಟಳು. ಎನಿಡ್ ಟ್ರೆಗೆಂಜಾ, ಶೆಡ್ಡಿನ ಅಡುಗೆಯವಳು ಎಂದು ಅಚ್ಚಾಗಿತ್ತು. ಅದರ ಹಿಂದೆ ಹಳದಿಗಟ್ಟಿದ ತೆಳ್ಳನೆಯ ಕಾಗದವೊಂದಿತ್ತು.

"ಅಮ್ಮನ ಬಿಸ್ಕತ್ತಿನ ಡಬ್ಬೀಲಿ ಸಿಕ್ತು. ಎಲ್ಲಾ ತುಂಬಿದಾಳೆ. ಒಂದು ಸಹಿ ಮಾತ್ರ ಇಲ್ಲ. ಯಾರದ್ದು ಅಂತ ನೋಡಿ."

ಡೆಸ್ ನೋಡಬೇಕಾಗಿರಲಿಲ್ಲ.

"ನಾಳೆ ಗೋರಿಕಲ್ಲು ಕೆತ್ತೋಕೆ ಕೊಡ್ತೀನಿ. ಅಡುಗೆಯವಳು ಅಂತಾನೇ ಬರೆಸ್ಲಾ? ನಾನು ಬೇರೆ ಏನ್ ಹೇಳಿದ್ರೂ ಮಗಳ ಹೊಗಳಿಕೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

"ಗ್ಲೆನಿಸ್, ಈಗ ಇದೆಲ್ಲ..."

"ಈಗಲ್ದೆ ಇನ್ಯಾವಾಗ? ಅಮ್ಮ ಇವತ್ತೊಂದು ದಿನ ಇಲ್ಲಿರ್ತಾಳೆ, ಅಷ್ಟೇ."

*

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಡೆಸ್ ಈ ಶೆಡ್ಡಿಗೆ ಬಂದಾಗ ಕೈಯಲ್ಲಿ ಕಾಲೇಜಿನ ಪ್ರಮಾಣಪತ್ರವಿತ್ತು, ಕಂಕುಳಲ್ಲಿ ತನ್ನ ಹೆಸರು ಕೊರೆದ ತಗಡಿನ ಅಚ್ಚು. ಅಚ್ಚನ್ನು ಮೂಟೆಯ ಮೇಲಿಟ್ಟು ಕಪ್ಪು ಮಸಿ ಬಳಿದರೆ ಒಳಗಿನ ಉಣ್ಣೆಗೆ ಅವನೇ ಹೊಣೆ. ಪ್ರಮಾಣಪತ್ರವಿಲ್ಲದವರಿಗೆ ಅಚ್ಚಿಲ್ಲ.

ಮೂರನೆಯ ದಿನ ಚಹಾ ತಂದ ಅಡುಗೆಯವಳು ಕೆಟಲನ್ನು ಕೆಳಗಿಟ್ಟು, ಮೇಲ್ದರ್ಜೆಯ ರಾಶಿಯಿಂದ ಒಂದು ಕುಚ್ಚು ಎತ್ತಿಕೊಂಡಳು. ಎರಡು ತುದಿ ಹಿಡಿದು ಬಿಗಿಯಾಗಿ ಎಳೆದು, ಕಿವಿಯ ಹತ್ತಿರ ತಂದು ಬೆರಳಿನಿಂದ ಮೀಟಿದಳು.

"ಇದ್ರಲ್ಲಿ ಜೀವ ಇಲ್ಲ ಕಣಪ್ಪಾ."

"ಎಳೆ ಎಷ್ಟು ಸಣ್ಣಗಿದೆ ನೋಡಿ! ಮೊದಲನೇ ದರ್ಜೆ."

"ನೋಡೋಕೆ ಚೆನ್ನಾಗಿದೆ. ಕಳೆದ ಬೇಸಿಗೇಲಿ ಕುರಿಗಳು ಹಸ್ಕೊಂಡಿದ್ವಲ್ಲ, ಆಗ ಬೆಳೆದ ಜಾಗಕ್ಕೆ ಸರಿಯಾಗಿ ತುಂಡಾಗುತ್ತೆ. ಕೇಳು."

ಅವಳು ಇನ್ನೊಮ್ಮೆ ಎಳೆದಳು. ಕುಚ್ಚು ನಡುವೆ ಪಟ್ಟೆಂದು ಹರಿಯಿತು. ಡೆಸ್ ಮೂಟೆಗಳ ಕಡೆ ತಿರುಗಿದ. ಅಂಥ ಉಣ್ಣೆಯ ಹನ್ನೊಂದು ಮೂಟೆಗಳಿಗೆ ಅವನು ಆಗಲೇ ಹೆಸರು ಬಳಿದಾಗಿತ್ತು.

"ಯಾರು ಹೇಳ್ಕೊಟ್ರು ನಿಮಗೆ?"

"ಯಾರ್ ಹೇಳ್ಕೊಡ್ತಾರೆ? ಮದುವೆಗೆ ಮುಂಚಿನಿಂದ ಇಲ್ಲಿ ಕಸ ಗುಡಿಸ್ತಾ ಇದೀನಿ. ಏಳು, ಯಜಮಾನ ಬರೋಕ್ ಮುಂಚೆ ಮೂಟೆ ಬಿಚ್ಚೋಣ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಆದರೆ ಮೂಟೆಯ ಮೇಲೆ ಹೆಸರು ಬರುವುದು ಒಕ್ಕಾಲಿನದ್ದೇ.

*

ಎಂಟು ವರ್ಷದ ನಂತರ ಅವಳು ಆ ಕಾಗದ ತಂದಿದ್ದಳು. ಕೆಲಸದ ಅನುಭವವಿದ್ದವರು ನೇರವಾಗಿ ಪರೀಕ್ಷೆಗೆ ಕೂರಬಹುದಂತೆ, ದರ್ಜೆಗಾರನೊಬ್ಬನ ಶಿಫಾರಸು ಸಹಿ ಸಾಕಂತೆ. ಅವಳು ಒದ್ದೆ ಕೈಯನ್ನು ಎರಡು ಸಲ ಒರೆಸಿಕೊಂಡು ಕಾಗದ ಚಾಚಿದ್ದಳು.

"ಈ ಸಲದ ಉಣ್ಣೆ ಕಟಾವು ಮುಗೀಲಿ, ಎನಿಡ್. ಕೂತ್ಕೊಂಡು ನೋಡೋಣ," ಎಂದಿದ್ದ ಡೆಸ್.

ಕಟಾವು ಮುಗಿಯಿತು, ಮರುವರ್ಷದ್ದೂ ಮುಗಿಯಿತು. ಮೂರನೆಯ ವರ್ಷ ಅವಳು ಕೇಳುವುದನ್ನು ಬಿಟ್ಟಳು. ಅಚ್ಚು ಸಿಕ್ಕಿದರೆ ಅವಳು ಬೇರೆ ಶೆಡ್ಡಿಗೆ ಹೋಗುತ್ತಾಳೆ, ತಾನು ಒಬ್ಬಂಟಿಯಾಗುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಅವನಿಗೆ ಭಯವಾಗಿತ್ತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಡೆಸ್‌ನ ಮನೆಗೆ ಏನೂ ಆಗಲಿಲ್ಲ, ಗೋಡೆ ತುಂಬ ಪದಕಗಳು ಬಂದವು. ಕತ್ತರಿ ಯಂತ್ರಗಳ ಸದ್ದಿಗೆ ಅವನ ಕಿವಿ ಮಂದವಾದ ಮೇಲಂತೂ ಅವನು ಕುಚ್ಚು ಮೀಟಿ ಎಡಕ್ಕೆ ನೋಡುವುದು, ಅವಳು ತಲೆಯಾಡಿಸುವುದು, ಇಷ್ಟೇ ಕೆಲಸವಾಯಿತು.

*

"ಡೆಸ್, ನಿಂದೇ ಸರದಿ," ಎಂದ ಕ್ಲಾರಿ.

ಡೆಸ್ ಬರೆದುಕೊಂಡು ಬಂದದ್ದನ್ನು ಓದಿದ. ಎನಿಡ್‌ಳ ಕುರಿಮಾಂಸದ ಸಾರು, ಒಲೆಯಲ್ಲಿ ಸೀದ ಬನ್ನು, ಹಾವು ಬಂದಾಗ ಅವಳು ಬಾಣಲೆ ಬೀಸಿದ್ದು. ಜನ ನಕ್ಕರು.

"ಸೀದ ಬನ್ನು ತಿಂದೇ ನನ್ ಹಲ್ಲು ಹೋಗಿದ್ದು!" ಎಂದು ಕ್ಲಾರಿ ಕೂಗಿದ. ಗ್ಲೆನಿಸ್ ನಗಲಿಲ್ಲ.

ಹೂವಿನ ಬದಲು ಎಲ್ಲರೂ ಪೆಟ್ಟಿಗೆಯ ಮೇಲೆ ಒಂದೊಂದು ಕುಚ್ಚು ಉಣ್ಣೆ ಇಟ್ಟರು. ಡೆಸ್ ತನ್ನ ಪಾಲಿನದನ್ನು ತೆಗೆದುಕೊಂಡ. ಅವನಿಗೆ ಅರಿವಿಲ್ಲದೆಯೇ ಅವನ ಕೈಗಳು ಅದನ್ನು ಎಳೆದವು, ಕಿವಿಗೆ ತಂದು ಮೀಟಿದವು. ಅವನಿಗೆ ಏನೂ ಕೇಳಿಸಲಿಲ್ಲ. ಅವನು ಎಡಕ್ಕೆ ತಿರುಗಿ ನೋಡಿದ.

ಶೆಡ್ಡಿನಲ್ಲಿದ್ದವರೆಲ್ಲ ಅದನ್ನು ಕಂಡರು.

"ನನಗೆ ಗೊತ್ತಾಗಲ್ಲ," ಎಂದ ಡೆಸ್. "ಯಾವತ್ತೂ ಪೂರಾ ಗೊತ್ತಾಗ್ತಿರ್ಲಿಲ್ಲ. ಇವಳು ಹೇಳ್ತಿದ್ಲು, ನಾನು ಹೆಸರು ಹಾಕ್ತಿದ್ದೆ. ನೀವು ಕೊಟ್ಟ ಪದಕ ಎಲ್ಲ ಇವಳದ್ದು. ಗ್ಲೆನಿಸ್, ಕಲ್ಲಿನ ಮೇಲೆ ದರ್ಜೆಗಾರ್ತಿ ಅಂತ ಬರೆಸು."

"ಹಾಗಂತ ನಮಗೇನ್ ಗೊತ್ತಿರ್ಲಿಲ್ವೇನೋ?" ಎಂದ ಕ್ಲಾರಿ ಮೆಲ್ಲಗೆ. "ನೀನ್ ಯಾವಾಗ ಹೇಳ್ತೀಯ ಅಂತ ಕಾಯ್ತಾ ಇದ್ವಿ. ಅವಳೂ ಕಾಯ್ತಾ ಇದ್ಲು."

ಡೆಸ್ ಹಳದಿ ಕಾಗದವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಹರವಿದ. ಮೂಟೆ ಒತ್ತುವ ಯಂತ್ರಕ್ಕೆ ದಾರದಲ್ಲಿ ಕಟ್ಟಿದ್ದ ದಪ್ಪ ಪೆನ್ನು ಕೈಗೆ ಸಿಕ್ಕಿತು. ಮೂವತ್ತೆರಡು ವರ್ಷ ಖಾಲಿಯಿದ್ದ ಸಹಿಯ ಜಾಗದಲ್ಲಿ ಅವನು ತನ್ನ ಪೂರ್ತಿ ಹೆಸರು ಬರೆದ, ಒತ್ತಿ ಬರೆದ.

ಗ್ಲೆನಿಸ್ ಕಾಗದ ಎತ್ತಿಕೊಂಡಳು. ಮಸಿ ಅದನ್ನು ದಾಟಿ ಕೆಳಗಿಳಿದಿತ್ತು. ಬಣ್ಣ ಬಳಿಯದ ಬಿಳಿ ಮರದ ಮೇಲೆ ಕಪ್ಪಾಗಿ, ಓದಲು ಬರುವಷ್ಟು ಸ್ಪಷ್ಟವಾಗಿ, ಡೆಸ್ಮಂಡ್ ಕಿಯೋ ಎಂದಿತ್ತು.

ಡೆಸ್ ಅಂಗಿಯ ತೋಳಿನಿಂದ ಒರೆಸಿದ, ಉಗುಳು ಹಚ್ಚಿ ಉಜ್ಜಿದ.

"ಬಿಡೋ, ಅದು ಮೂಟೆಯ ಮಸಿ. ಹೋಗಲ್ಲ," ಎಂದ ಕ್ಲಾರಿ.

ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮೂಟೆಗಳನ್ನು ಲಾರಿಗೆ ಸಾಗಿಸುತ್ತಿದ್ದ ಅದೇ ಬಾಗಿಲಿನಿಂದ ಎನಿಡ್ ಹೊರಗೆ ಹೋದಳು, ಮೇಲೆ ಅವನ ಹೆಸರು ಹೊತ್ತುಕೊಂಡು.