ಓದಿ ಹೇಳಿದವಳು

“ಅಲ್ಲಿ ಏನ ಬರದಾರ, ಕಸ್ತೂರಿ?” ಬೋರವ್ವ ಪಕ್ಕದ ಕುರ್ಚಿಯಿಂದ ವಾಲಿ ಕಿವಿಯಲ್ಲಿ ಕೇಳಿದಳು.

ವಿಜಯಪುರದ ಸಭಾಂಗಣದ ದೀಪಗಳು ಆರಿದ್ದವು. ಪರದೆಯ ಮೇಲೆ ಬೋರವ್ವನ ಮೊಮ್ಮಗಳು, ನಾಲ್ಕು ವರ್ಷದ ಸಪ್ನಾ, ಗೋಡೆಯಷ್ಟು ದೊಡ್ಡವಳಾಗಿ ಕೂತಿದ್ದಳು. ಯಾರದೋ ಕೈ ಅವಳ ಮುಂದೆ ಫ್ರಿಜ್ಜಿನ ಚಿತ್ರ ಹಿಡಿದಿತ್ತು. ‘ಇದು ಏನು?’ ಸಪ್ನಾ ಸುಮ್ಮನಿದ್ದಳು. ಆಮೇಲೆ ಹಡಗು ಬಂತು. ‘ಇದು ಏನು?’ ಸಪ್ನಾ ಮೂಗು ಒರೆಸಿಕೊಂಡಳು. ದೃಶ್ಯ ಅಲ್ಲಿಗೇ ನಿಂತು, ಕೆಳಗೆ ದಪ್ಪ ಅಕ್ಷರಗಳು ಮೂಡಿದವು: ‘ಮನೆಯಲ್ಲಿ ಮಾತಿನ ಬಡತನ. ಈ ಮಗುವಿಗೆ ಪದಗಳಿಲ್ಲ.’

ಕಸ್ತೂರಿ ಅದನ್ನು ಎರಡು ಸಲ ಓದಿದಳು.

“ನಿಮ್ಮ ಹೆಸರ ಬರದಾರ ಆಯಿ,” ಎಂದಳು. “ನಿಂದು, ಸಪ್ನಾಂದು.”

ಬೋರವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ದೀಪ ಹತ್ತಿ ಜನ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದಳು.

ತಿಕೋಟಾದ ಹೊರಗೆ, ಕುರಿ ಸಾಕುವವರ ಓಣಿಯ ಅಂಗನವಾಡಿಯಲ್ಲಿ ಕಸ್ತೂರಿ ಹನ್ನೊಂದು ವರ್ಷದಿಂದ ಕಾರ್ಯಕರ್ತೆ. ಅಷ್ಟು ವರ್ಷದ ತರಬೇತಿಗಳಲ್ಲಿ ಅವಳು ಕೇಳಿದ್ದು ಒಂದೇ ಮಾತು: ಮಕ್ಕಳ ಭಾಷೆ ತಿದ್ದಿರಿ. ಹೋದ ಚಳಿಗಾಲದಲ್ಲಿ ವಿಜಯಪುರದ ಸಂಸ್ಥೆಯೊಂದರಿಂದ ವಿಜಯಲಕ್ಷ್ಮೀ ಬಂದು, “ತಿದ್ದೋದು ಬೇಡ. ಮಕ್ಕಳು ಮನೆಯಿಂದ ತರೋ ಮಾತಿಂದಲೇ ಕಲಿಕೆ ಶುರು ಆಗಬೇಕು. ಈ ಓಣಿಯ ಮಾತಿನಲ್ಲೇ ಚಿತ್ರದ ಕಾರ್ಡು ಮಾಡೋಣ,” ಅಂದಾಗ ಕಸ್ತೂರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ತಾನೇ ಅವಳನ್ನು ಬೋರವ್ವನ ಮನೆಗೆ ಕರೆದೊಯ್ದಳು.

ಬೋರವ್ವ ಬಾಯಿ ತೆರೆದರೆ ಮುಚ್ಚುವವಳಲ್ಲ. ಕಿವಿ ಗಿಡ್ಡಗಿದ್ದರೆ ಮೋಟಗಿವಿ, ಮೈ ಕೆಂಪಗಿದ್ದರೆ ಕೆಂಚಿ. ಹಿಂಡಿನ ಒಂದೊಂದು ಕುರಿಗೂ ಅವಳ ಬಳಿ ಒಂದೊಂದು ಹೆಸರು. ವಿಜಯಲಕ್ಷ್ಮೀ ಕಂಬಳಿಯ ಮೇಲೆ ಚಕ್ಕಳಮಕ್ಕಳ ಕೂತು, ರೊಟ್ಟಿ ಪುಂಡಿಪಲ್ಯ ಉಂಡು, ಎಲ್ಲವನ್ನೂ ಬರೆದುಕೊಂಡಳು. ಸಪ್ನಾಗೆ ಕುರಿಯ ಚಿತ್ರ ತೋರಿಸಿದಾಗ ಹುಡುಗಿ, “ಇದು ನಮ್ಮದಲ್ಲ. ಇದರ ತುಪ್ಪಳ ಇನ್ನಾ ಕತ್ತರಿಸಿಲ್ಲ. ಬ್ಯಾಸಿಗ್ಯಾಗ ಸಾಯತೈತಿ ನೋಡ,” ಎಂದು ಬೈದಿತ್ತು. ಎಲ್ಲರೂ ನಕ್ಕಿದ್ದರು. ಕ್ಯಾಮರಾ ಅದನ್ನೂ ಹಿಡಿದಿತ್ತು.

ಒಪ್ಪಿಗೆ ಕಾಗದವನ್ನು ಓದಿ ಹೇಳಿದವಳು ಕಸ್ತೂರಿ. “ಮಕ್ಕಳ ಕಲಿಕಿ ಸಲುವಾಗಿ ಅಂತ ಐತಿ ಆಯಿ. ಒತ್ತು.” ಬೋರವ್ವನ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದವಳೂ ಅವಳೇ.

ಸಭೆ ಮುಗಿದ ಮೇಲೆ ಊಟದ ಸಾಲಿನಲ್ಲಿ ಕಸ್ತೂರಿ ವಿಜಯಲಕ್ಷ್ಮೀಯನ್ನು ಹಿಡಿದಳು.

“ಹುಡುಗಿ ಅಷ್ಟೊತ್ತು ಮಾತಾಡಿದ್ಲಲ್ರಿ ಮೇಡಂ. ಅದೆಲ್ಲಿ ಹೋತ್ರಿ?”

“ಇದೆ ಕಸ್ತೂರಿ, ನಮ್ಮ ಹತ್ರ ಇದೆ.” ವಿಜಯಲಕ್ಷ್ಮೀ ದನಿ ತಗ್ಗಿಸಿದಳು. “ಹಣ ಮಂಜೂರು ಮಾಡೋರು ನಮಗೆ ಕೊಟ್ಟಿದ್ದು ಎರಡೇ ನಿಮಿಷ. ಅಷ್ಟರಲ್ಲಿ ಕೊರತೆ ಕಾಣಬೇಕು. ಮಕ್ಕಳು ಚೆನ್ನಾಗೇ ಮಾತಾಡ್ತಾರೆ ಅಂತ ತೋರಿಸಿದರೆ ಕಾರ್ಯಕ್ರಮ ಯಾಕೆ ಅಂತಾರೆ.”

“ಮಾತಿನ ಬಡತನ ಅಂತ ಬರದೀರಿ. ಆ ಮನ್ಯಾಗ?”

“ಮಂಜೂರಿ ಸಿಗಲಿ. ಆಮೇಲೆ ಬೋರವ್ವನ ಮಾತಿನ ಕಾರ್ಡೇ ಮಾಡೋಣ. ನನ್ನ ನಂಬು.”

“ಆ ವಿಡಿಯೋ ತಗಸ್ರಿ.”

“ನಿನ್ನೆಯೇ ಎಲ್ಲ ತಾಲೂಕಿಗೂ ಕಳಿಸಿಯಾಯ್ತಲ್ಲ.” ವಿಜಯಲಕ್ಷ್ಮೀ ಅವಳ ಭುಜ ಮುಟ್ಟಿ, ಕರೆದವರ ಕಡೆಗೆ ನಡೆದಳು.

ತಿಕೋಟಾ ಬಸ್ಸಿನಲ್ಲಿ ಬೋರವ್ವ ದಾರಿಯುದ್ದಕ್ಕೂ ಮಾತಾಡಿದಳು. ಪರದೆಯ ಮೇಲೆ ಸಪ್ನಾ ಅವರಪ್ಪನ ಹಾಗೇ ಕಂಡಳು, ಮೂಗೊಂದು ಒರೆಸಿಕೊಳ್ಳಬಾರದಿತ್ತು, ಅಷ್ಟು ಜನರ ಎದುರು ತನ್ನ ಹೆಸರು ಬರೆದರಲ್ಲ. ಕಸ್ತೂರಿ ಕಿಟಕಿಯಾಚೆ ನೋಡುತ್ತ ಹ್ಞೂಂಗುಟ್ಟಿದಳು. ಈಗ ಹೇಳಬೇಕು ಅಂದುಕೊಂಡಳು. ಇಳಿದ ಮೇಲೆ ಹೇಳಿದರಾಯಿತು ಅಂದುಕೊಂಡಳು. ಇಳಿದ ಮೇಲೂ ಹೇಳಲಿಲ್ಲ.

ಮುಂದಿನ ವಾರ ಸಪ್ನಾ ನಾಲ್ಕು ದಿನ ಅಂಗನವಾಡಿಗೆ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಕಸ್ತೂರಿಯೇ ಹೋದಳು. ಬೋರವ್ವ ಹೊರಗೆ ಜೋಳ ಹಸನು ಮಾಡುತ್ತಿದ್ದಳು. ಮಗ ಶ್ರೀಮಂತ ಬಾಗಿಲಿಗೆ ಒರಗಿ ನಿಂತಿದ್ದ.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದಳು ಬೋರವ್ವ.

ಹನ್ನೊಂದು ವರ್ಷದಲ್ಲಿ ಬೋರವ್ವ ಅವಳಿಗೆ ‘ರಿ’ ಹಚ್ಚಿ ಮಾತಾಡಿದ್ದು ಇದೇ ಮೊದಲು.

“ಶ್ರೀಮಂತ, ಫೋನ ಕೊಡು ಅಕ್ಕಾರಿಗೆ.”

ಅದೇ ವಿಡಿಯೋ. ಬಬಲೇಶ್ವರದ ಬೀಗರು ಕಳಿಸಿದ್ದರು. ದೃಶ್ಯ ಅಕ್ಷರಗಳ ಮೇಲೆ ನಿಂತಿತ್ತು.

“ಇಂವ ಓದಿ ಹೇಳ್ಯಾನ. ನಾ ನಂಬಿಲ್ಲ. ಅಕ್ಕಾರು ಬ್ಯಾರೆ ಓದ್ಯಾರ ಅಂದೆ. ಈಗ ನೀವ ಓದ್ರಿ.”

“ಆಯಿ, ನಿನಗ ನೋವಾಗತೈತಿ ಅಂತ…”

“ಓದ್ರಿ.”

ಕಸ್ತೂರಿ ಓದಿದಳು. ‘ಈ ಮಗುವಿಗೆ ಪದಗಳಿಲ್ಲ’ ಎಂಬಲ್ಲಿಯವರೆಗೂ ಓದಿದಳು. ಬೋರವ್ವನ ಕೈಯಲ್ಲಿ ಮೊರ ನಿಂತಿತ್ತು.

“ಆಕಿ ಪರವೂರಾಕಿ. ಉಂಡ ಮನಿಗಿ ಹಿಂಗ ಅಂದ್ಲು, ಹೋಗ್ಲಿ. ನನಗ ಅಕ್ಷರ ಬರೂದಿಲ್ಲ ಅಂತ ನಿಮ್ಮ ಕಣ್ಣ ನಂಬಿದ್ನಿ. ಅಷ್ಟು ಮಂದ್ಯಾಗ ಚಪ್ಪಾಳಿ ಹೊಡದೆ ನಾ.”

ಕಸ್ತೂರಿ ಫೋನನ್ನು ಶ್ರೀಮಂತನ ಕೈಗೆ ಕೊಟ್ಟಳು. ಮೊರ ಮತ್ತೆ ಆಡತೊಡಗಿತು.

“ನಾಳಿಯಿಂದ ಕಳಸ್ತೇನಿ ಹುಡುಗೀನ್ನ. ಚಲೋ ಮಾತ ನೀವ ಕಲಸ್ರಿ. ಮನ್ಯಾಗ ನಾವು ಬಾಯಿ ಬಿಡೂದಿಲ್ಲ.”

ಹಿತ್ತಲಿಂದ ಸಪ್ನಾ ಓಡಿಬಂದಳು. “ಆಯೀ, ಆಯೀ, ಅಲ್ಲಿ…” ಬೋರವ್ವ ತುಟಿಯ ಮೇಲೆ ಬೆರಳಿಟ್ಟಳು. ಮಗು ಅರ್ಧ ಮಾತಿಗೇ ನಿಂತು ಅಜ್ಜಿಯ ಮುಖ ನೋಡಿತು, ಕಸ್ತೂರಿಯ ಮುಖ ನೋಡಿತು. ಆಮೇಲೆ ಮೆಲ್ಲಗೆ ತಿರುಗಿ ಕುರಿದೊಡ್ಡಿಯತ್ತ ಹೋಯಿತು. ಮುಳ್ಳಿನ ಬೇಲಿಯ ಸಂದಿಗೆ ಕುಕ್ಕರುಗಾಲಲ್ಲಿ ಕೂತು, ಒಳಗಿದ್ದ ಮರಿಯೊಂದರ ಕಿವಿಗೆ ಬಾಯಿ ಹಚ್ಚಿ ಏನೋ ಹೇಳತೊಡಗಿತು. ಬಹಳ ಹೊತ್ತು ಹೇಳಿತು. ಕಸ್ತೂರಿ ನಿಂತಲ್ಲಿಗೆ ಒಂದು ಮಾತೂ ಕೇಳಿಸಲಿಲ್ಲ.